ಕಾಸಿಗೆ ಕೊಡುವ ಕಾಸು

ಕಳೆದ ವರ್ಷದ ಒಂದು ಭಾನುವಾರ, ಬೀದಿಬದಿಯ ಅಂಗಡಿಯೊಂದರಲ್ಲಿ 600 ರೂಪಾಯಿ ಕೊಟ್ಟು ನಾನೊಂದು ತಾಮ್ರದ ನಾಣ್ಯ ಕೊಂಡೆ. ಒಂದು ಮುಖದಲ್ಲಿ ರಾಮ, ಸೀತೆ, ಲಕ್ಷ್ಮಣರು. ಪಾದದ ಬಳಿ ಹನುಮಂತ. ಇನ್ನೊಂದು ಮುಖದಲ್ಲಿ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ. ಇನ್ನೂರು ವರ್ಷದ ಚರಿತ್ರೆ ಅಂಗಿಯ ಜೇಬಿನಲ್ಲಿದೆ ಎಂಬ ಹಮ್ಮಿನಲ್ಲೇ ಬಸ್ಸು ಹತ್ತಿದೆ.

ಹಮ್ಮು ಇಳಿದದ್ದು ಪೀಣ್ಯದಲ್ಲಿ. ನಾನು ಬಾಡಿಗೆಗಿರುವ ಮನೆಯ ಯಜಮಾನರು ಅಲ್ಲಿನ ಸಣ್ಣ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಡೈ ತಯಾರಿಸಿದವರು. ಅವರು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಎರಡು ನಿಮಿಷ ನೋಡಿ, ‘ನೋಡಪ್ಪಾ, ಇದು ಡೈನಲ್ಲಿ ಹೊಡೆದದ್ದಲ್ಲ, ಎರಕ ಹೊಯ್ದದ್ದು. ಅಂಚಿಗೆ ಅರ ಹಾಕಿ ಉಜ್ಜಿದ್ದಾರೆ, ಗೆರೆ ಹಾಗೇ ಉಳಿದಿದೆ’ ಎಂದರು. ಹಿನ್ನೆಲೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳಿದ್ದವು. ಕರಗಿದ ಲೋಹ ತಣಿಯುವಾಗ ಗಾಳಿ ಸಿಕ್ಕಿಬಿದ್ದ ಗುರುತು ಅದು. ಅವರಿಗೆ ಚರಿತ್ರೆ ಗೊತ್ತಿರಲಿಲ್ಲ, ಲೋಹ ಗೊತ್ತಿತ್ತು.

ಚರಿತ್ರೆಯೂ ಅವರ ಮಾತನ್ನೇ ಹೇಳುತ್ತದೆ. ರಾಮ ಪಟ್ಟಾಭಿಷೇಕದ ಇಂಥ ತಾಮ್ರದ ಬಿಲ್ಲೆಗಳನ್ನು ಕಂಪನಿ ಎಂದೂ ಹೊರಡಿಸಿಲ್ಲ. ದೇವರ ಚಿತ್ರವಿದ್ದ ನಾಣ್ಯ ಕಂಪನಿಗೆ ಹೊಸತೇನಲ್ಲ ನಿಜ. ಮದ್ರಾಸಿನಲ್ಲಿ ಅದು ವಿಷ್ಣು ಮತ್ತು ಇಬ್ಬರು ದೇವಿಯರಿದ್ದ ‘ಮೂರು ಸ್ವಾಮಿ’ ಚಿನ್ನದ ಪಗೋಡ ಟಂಕಿಸಿತ್ತು. ಈ ಅರ್ಧ ಸತ್ಯದ ನೆರಳಿನಲ್ಲೇ ಪೂರ್ತಿ ಸುಳ್ಳು ಮಾರಾಟವಾಗುತ್ತದೆ. ಇದೇ ಬಗೆಯ ಬಿಲ್ಲೆಗಳಿಗೆ ಅಕ್ಕಿಕಾಳನ್ನು ಸೆಳೆಯುವ ದೈವೀಶಕ್ತಿ ಇದೆಯೆಂದು ನಂಬಿಸಿ ಲಕ್ಷಗಟ್ಟಲೆ ದೋಚುವ ‘ರೈಸ್ ಪುಲ್ಲಿಂಗ್’ ಜಾಲಗಳ ಸುದ್ದಿ ನಮ್ಮ ಪತ್ರಿಕೆಗಳ ಅಪರಾಧ ಪುಟಕ್ಕೆ ಹೊಸದಲ್ಲ. ಅದನ್ನು ನೆನೆದರೆ ನನ್ನ 600 ರೂಪಾಯಿ ಅಗ್ಗದ ಪಾಠವೇ.

ಹಾಗಾದರೆ ಹವ್ಯಾಸಕ್ಕೆಂದು ನಾಣ್ಯ ಕೂಡಿಡಲು ಹೊರಟವನು ಕೊಳ್ಳಬೇಕಾದದ್ದು ಯಾವುದನ್ನು? ಹಳೆಯದನ್ನೇ? ಬೆಳ್ಳಿಯದನ್ನೇ? ಅಪರೂಪದ್ದನ್ನೇ?

ಅಗೆದಾಗ ಸಿಕ್ಕ ರೋಮ್

ಹಳೆಯದೇ ಬೇಕೆಂದರೆ ಬೆಂಗಳೂರಿನ ಹೊರವಲಯಕ್ಕಿಂತ ದೂರ ಹೋಗಬೇಕಿಲ್ಲ. 1891ರಲ್ಲಿ ಯಶವಂತಪುರದಲ್ಲಿ ರೈಲು ಮಾರ್ಗದ ಕೆಲಸಕ್ಕಾಗಿ ನೆಲ ಅಗೆಯುತ್ತಿದ್ದಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಇಂದು ಪೀಣ್ಯಕ್ಕೆ ಹೋಗುವ ಮೆಟ್ರೊ ರೈಲು ಹಾದುಹೋಗುವುದು ಅದೇ ಊರಿನ ಮೇಲೆ. 1965ರಲ್ಲಿ ನಗರದ ಇನ್ನೊಂದು ಬದಿ, ವೈಟ್‌ಫೀಲ್ಡ್ ಕಡೆಗೆ ಹೋಗುವ ದಾರಿಯಲ್ಲಿರುವ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇಂಥವೇ 256 ನಾಣ್ಯಗಳು ಹೊರಬಂದವು. ಹೆಚ್ಚಿನವು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಹೆಸರಿನ ದೀನಾರಿಯಸ್‌ಗಳು. ಎಂದರೆ ಎರಡು ಸಾವಿರ ವರ್ಷ ಹಳೆಯವು. ಒಂದೊಂದೂ ನಾಲ್ಕು ಗ್ರಾಂಗಿಂತ ತುಸು ಕಡಿಮೆ ತೂಕದ್ದು.

ಆಗ ಇಲ್ಲಿ ಬೆಂಗಳೂರೆಂಬ ನಗರವಿರಲಿಲ್ಲ. ಕೆಂಪೇಗೌಡರು ಪೇಟೆ ಕಟ್ಟಲು ಇನ್ನೂ ಒಂದೂವರೆ ಸಾವಿರ ವರ್ಷ ಬಾಕಿ ಇತ್ತು. ಆದರೂ ರೋಮಿನ ಬೆಳ್ಳಿ ಸಮುದ್ರ ದಾಟಿ, ಘಟ್ಟ ಏರಿ ಇಲ್ಲಿಗೆ ಬಂದಿತ್ತು. ಭಾರತ ವರ್ಷವರ್ಷವೂ ರೋಮ್ ಸಾಮ್ರಾಜ್ಯದಿಂದ 5 ಕೋಟಿ ಸೆಸ್ಟರ್ಸ್‌ಗಿಂತ ಕಡಿಮೆಯಿಲ್ಲದಷ್ಟು ಹಣ ಸೆಳೆದುಕೊಳ್ಳುತ್ತಿದೆ ಎಂದು ಆ ಕಾಲದ ಲೇಖಕ ಪ್ಲಿನಿ ಪರಿತಪಿಸಿದ್ದ. ನಾಲ್ಕು ಸೆಸ್ಟರ್ಸ್‌ಗೆ ಒಂದು ದೀನಾರಿಯಸ್; ಎಂದರೆ ಒಂದೂಕಾಲು ಕೋಟಿ ಬೆಳ್ಳಿ ನಾಣ್ಯ. ಮೆಣಸು, ರತ್ನ, ಬಟ್ಟೆಗಾಗಿ ಹರಿದು ಬಂದ ಆ ಹೊಳೆಯ ಎರಡು ಹನಿಗಳು ಯಶವಂತಪುರ ಮತ್ತು ಎಚ್‌ಎಎಲ್‌ನ ನೆಲದಲ್ಲಿ ಇಂಗಿದ್ದವು. ಇಂದು ಹೊರದೇಶದ ದುಡ್ಡಿಗೆ ಕೆಲಸ ಮಾಡುವ ಕಚೇರಿಗಳು ಸಾಲುಗಟ್ಟಿರುವುದೂ ಅದೇ ವೈಟ್‌ಫೀಲ್ಡ್ ದಾರಿಯಲ್ಲಿ ಎಂಬುದು ಕಾಕತಾಳೀಯವಷ್ಟೇ, ಆದರೂ ಸ್ವಾರಸ್ಯಕರ.

ಈ ನಿಧಿಗಳ ಬೆಲೆ ಇರುವುದು ಬೆಳ್ಳಿಯಲ್ಲಲ್ಲ. ಎಲ್ಲಿ ಸಿಕ್ಕವು, ಯಾವಾಗ, ಎಷ್ಟು, ಯಾವ ಯಾವ ಚಕ್ರವರ್ತಿಯವು ಎಂದು ಯಾರೋ ಬರೆದಿಟ್ಟಿದ್ದರಿಂದ ಅವು ಚರಿತ್ರೆಯಾದವು. ಅದೇ ಟೈಬೀರಿಯಸನ ಒಂದು ದೀನಾರಿಯಸ್ ಇಂದು ಹರಾಜಿನಲ್ಲಿ ಹತ್ತಾರು ಸಾವಿರ ರೂಪಾಯಿಗೆ ಸಿಗುತ್ತದೆ. ಆದರೆ ಅದು ಯಶವಂತಪುರದ ನೆಲದ್ದೋ, ಯೂರೋಪಿನ ಯಾವುದೋ ಹೊಲದ್ದೋ ಅಥವಾ ಮೊನ್ನೆ ಮೊನ್ನೆ ಎರಕ ಹೊಯ್ದದ್ದೋ ಎಂದು ಅದರ ಮುಖ ನೋಡಿ ಹೇಳುವುದು ಹೊಸಬನ ಕೈಲಾಗದ ಮಾತು. ಊರು ಕಳೆದುಕೊಂಡ ನಾಣ್ಯ ಅರ್ಧ ಮೂಕವಾದ ಹಾಗೆ.

ಹೊರವಲಯದ ಊರುಗಳಲ್ಲಿ ಈಗಲೂ ದಿನವೂ ನೆಲ ಅಗೆಯುತ್ತಾರೆ. ಬಡಾವಣೆಗೆ, ಅಪಾರ್ಟ್‌ಮೆಂಟಿನ ಪಾಯಕ್ಕೆ, ಚರಂಡಿಗೆ. ಸಿಕ್ಕ ಕುಡಿಕೆ ಸದ್ದಿಲ್ಲದೆ ಚಿನಿವಾರರ ಅಂಗಡಿ ಸೇರಿ ಕರಗಿಹೋದರೆ ಆ ಊರಿನ ಒಂದು ಪುಟವೂ ಅದರೊಂದಿಗೆ ಕರಗುತ್ತದೆ. ನೆಲದಲ್ಲಿ ನಿಧಿ ಸಿಕ್ಕವನು ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮ ಬ್ರಿಟಿಷರ 1878ರ ನಿಧಿ ಕಾಯ್ದೆಯ ಕಾಲದಿಂದ ಇದೆ. ‘ಹೊಲದಲ್ಲಿ ಸಿಕ್ಕಿದ್ದು ಸಾರ್, ಯಾರಿಗೂ ಹೇಳಬೇಡಿ’ ಎಂದು ಪಿಸುಗುಟ್ಟುವ ಮಾರಾಟಗಾರನಿಂದ ದೂರವಿರಲು ಎರಡು ಕಾರಣ. ಅವನು ಹೇಳುವುದು ಸುಳ್ಳಾದರೆ ನಾಣ್ಯ ನಕಲಿ, ನಿಜವಾದರೆ ವ್ಯವಹಾರವೇ ಅಪರಾಧ.

ಇನ್ನೊಂದು ಕಾನೂನು ಎಲೆಕ್ಟ್ರಾನಿಕ್ ಸಿಟಿಯ ಗೆಳೆಯರು ಗಮನಿಸಬೇಕಾದದ್ದು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಕಚೇರಿ ಕೆಲಸಕ್ಕೆ ಅಮೆರಿಕಕ್ಕೆ ಹೊರಟಾಗ ಅಲ್ಲಿನ ಸಹೋದ್ಯೋಗಿಗೆ ಉಡುಗೊರೆಯೆಂದು ಟಿಪ್ಪುವಿನ ಕಾಸನ್ನು ಚೀಲಕ್ಕೆ ಹಾಕಿಕೊಳ್ಳುವ ಮುನ್ನ ಇದು ನೆನಪಿರಲಿ.

ಅಪರೂಪದ ಲೆಕ್ಕಾಚಾರ

ಅಪರೂಪ ಎಂಬ ಮಾತಿನಲ್ಲೂ ಮೋಸವಿದೆ. ನಾಣ್ಯ ನಿಜಕ್ಕೂ ಅಪರೂಪವಾಗಿದ್ದರೆ ಅದಕ್ಕೊಂದು ಕಾರಣವಿರುತ್ತದೆ, ಆ ಕಾರಣ ಪುಸ್ತಕದಲ್ಲಿ ಸಿಗುತ್ತದೆ. 1911ರ ಐದನೆಯ ಜಾರ್ಜ್ ರೂಪಾಯಿಯನ್ನೇ ನೋಡಿ. ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆಂದು ಜನ ಗೊಣಗಿದರು. ಟಂಕಿಸಿದ್ದ ಸುಮಾರು 94 ಲಕ್ಷದಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಿದ್ದಿದ್ದವು. ಉಳಿದವನ್ನು ಕರಗಿಸಿ, ಮರುವರ್ಷ ಆನೆಯನ್ನು ತಿದ್ದಲಾಯಿತು. ‘ಹಂದಿ ರೂಪಾಯಿ’ಗೆ ಬೇಡಿಕೆ ಬಂದದ್ದು ಹೀಗೆ.

ಇದಕ್ಕೆ ಪ್ರತಿಯಾಗಿ, ವೈಷ್ಣೋದೇವಿಯ ಚಿತ್ರವಿರುವ 5 ರೂಪಾಯಿ ನಾಣ್ಯಕ್ಕೆ ಲಕ್ಷ ರೂಪಾಯಿ ಸಿಗುತ್ತದೆಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದು ಚಲಾವಣೆಗೆ ಬಿಟ್ಟ ಸಾಮಾನ್ಯ ಸ್ಮರಣಾರ್ಥ ನಾಣ್ಯ. ಲಕ್ಷದ ಆಸೆ ತೋರಿಸಿದವರು ಮೊದಲು ಕೇಳುವುದು ‘ನೋಂದಣಿ ಶುಲ್ಕ’. ತನ್ನ ಹೆಸರು ಬಳಸಿ ಹೀಗೆ ಶುಲ್ಕ, ಕಮಿಷನ್ ವಸೂಲಿ ಮಾಡುವವರನ್ನು ನಂಬಬೇಡಿ, ಹಳೆಯ ನೋಟು ನಾಣ್ಯಗಳ ಇಂಥ ವ್ಯವಹಾರ ತಾನು ಮಾಡುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಬೇಕಾಯಿತು. 10 ರೂಪಾಯಿ ನಾಣ್ಯವನ್ನು ನಕಲಿ ಇರಬಹುದೆಂದು ಮುಟ್ಟಲು ಹಿಂಜರಿದ ಜನ, ಅದರ ಹದಿನಾಲ್ಕೂ ವಿನ್ಯಾಸ ಅಸಲಿಯೇ ಎಂದು ಬ್ಯಾಂಕು 2018ರಲ್ಲಿ ಹೇಳಿದರೂ ನಂಬದ ಜನ, 5 ರೂಪಾಯಿಗೆ ಲಕ್ಷ ಸಿಗುತ್ತದೆಂದರೆ ತಟ್ಟನೆ ನಂಬುತ್ತಾರೆ!

ಬೆಳ್ಳಿಯ ಆಸೆಗೂ ಮಿತಿ ಇರಲಿ. ವಿಕ್ಟೋರಿಯಾ, ಎಡ್ವರ್ಡ್, ಜಾರ್ಜರ ಬೆಳ್ಳಿ ರೂಪಾಯಿಗಳಲ್ಲಿ ಹೆಚ್ಚಿನವು ಕೋಟಿಗಟ್ಟಲೆ ಟಂಕವಾದವು. ಸವೆದದ್ದಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಹುಟ್ಟುವುದಿಲ್ಲ. ಒಂದು ಅನುಕೂಲವೆಂದರೆ ಅವುಗಳ ತೂಕ 11.66 ಗ್ರಾಂ ಎಂದು ನಿಗದಿಯಾಗಿತ್ತು. ತಕ್ಕಡಿಯಲ್ಲಿ 10 ಗ್ರಾಂ ತೋರಿಸುವ ರೂಪಾಯಿ ಎಷ್ಟು ಹೊಳೆದರೂ ಬೇಡ ಎನ್ನಬಹುದು. ಬಹಳ ಅಪರೂಪದ 1939ರ ರೂಪಾಯಿಯ ವಿಷಯದಲ್ಲಂತೂ, ಬೇರೆ ಇಸವಿಯ ನಾಣ್ಯದ ಕೊನೆಯ ಅಂಕಿಯನ್ನು ತಿದ್ದಿ ಮಾರುವ ಕೈಚಳಕ ಹಳೆಯದು.

ಕನ್ನಡ ಓದಬಲ್ಲವನ ನಾಣ್ಯ

ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ ಹೊಸ ಸಂಗ್ರಾಹಕ ಮೊದಲು ಕೊಳ್ಳಬೇಕಾದದ್ದು ರೋಮಿನದೂ ಅಲ್ಲ, ವಿಕ್ಟೋರಿಯಾಳದೂ ಅಲ್ಲ. ಮೈಸೂರಿನ ತಾಮ್ರದ ಕಾಸು.

ಹಣ, ಕಾಸು, ದುಡ್ಡು ಎಂದು ನಾವು ದಿನವೂ ಆಡುವ ಮಾತುಗಳೆಲ್ಲ ಒಂದು ಕಾಲದಲ್ಲಿ ಬೇರೆ ಬೇರೆ ನಾಣ್ಯಗಳ ಹೆಸರು. ಆ ನಾಣ್ಯಗಳ ಮೇಲೆ ಕನ್ನಡ ಅಕ್ಷರಗಳೂ ಬಹಳ ಹಿಂದೆಯೇ ಬಂದವು. ಚೋಳರಿಂದ ತಲಕಾಡನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನ ತನ್ನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು ಬರೆಸಿದ. ಪತ್ರಿಕೆ ಇಲ್ಲದ ಕಾಲದಲ್ಲಿ ಗೆಲುವಿನ ಸುದ್ದಿಯನ್ನು ಸಂತೆಯಿಂದ ಸಂತೆಗೆ ಮುಟ್ಟಿಸಿದ ತಲೆಬರಹ ಅದು! ಆದರೆ ಅದು ಸಾಮಾನ್ಯರ ಕೈಗೆಟುಕದ ಚಿನ್ನ. 17ನೇ ಶತಮಾನದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಹೊರಡಿಸಿದ ನರಸಿಂಹಮುದ್ರೆಯ ಕಂಠೀರಾಯ ಹಣವೂ ಚಿನ್ನವೇ. ಅರ್ಧ ಗ್ರಾಂ ಕೂಡ ತೂಗದ ಅದರ ಮೇಲಿನ ನರಸಿಂಹ ಅಸಲಿಯೇ ಎಂದು ಹೇಳಲು ಪಳಗಿದ ಕಣ್ಣೇ ಬೇಕು.

ತಾಮ್ರದ ಕಥೆ ಬೇರೆ. ಟಿಪ್ಪು ಸುಲ್ತಾನನ ತಾಮ್ರದ ನಾಣ್ಯಗಳ ಮೇಲೆ ಆನೆ ಇದೆ. ಪಟ್ಟಣ, ನಗರ, ಬೆಂಗಳೂರು ಮುಂತಾದ ಹಲವು ಟಂಕಸಾಲೆಗಳಲ್ಲಿ ಅವನ್ನು ಹೊಡೆದರು. ಆನೆ ಎಡಕ್ಕೋ ಬಲಕ್ಕೋ, ಬಾವುಟವಿದೆಯೋ ಇಲ್ಲವೋ ಎಂದು ಹೋಲಿಸುತ್ತಾ ಕೂತರೆ ರಜೆಯ ದಿನ ಕಳೆದದ್ದೇ ತಿಳಿಯದು. ಪಾರ್ಸಿ ಅಂಕಿಗಳನ್ನು ಕಲಿತ ಹೊಸಬನಿಗೆ ಇಲ್ಲೊಂದು ಗೊಂದಲ ಕಾದಿರುತ್ತದೆ. ಇಸವಿ 5121 ಎಂದು ಓದಿಸಿಕೊಳ್ಳಬಹುದು! ಟಿಪ್ಪು ಮೌಲೂದಿ ಎಂಬ ಹೊಸ ಶಕೆ ತಂದಾಗ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅದು 1215, ನಮ್ಮ ಲೆಕ್ಕದಲ್ಲಿ ಸುಮಾರು 1787.

1799ರಲ್ಲಿ ಟಿಪ್ಪು ಬಿದ್ದ. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು, ಪೂರ್ಣಯ್ಯ ದಿವಾನರಾದರು. ರಾಜ್ಯ ಕೈ ಬದಲಾಯಿತು, ಆನೆ ಮಾತ್ರ ಕದಲಲಿಲ್ಲ. ತಾಮ್ರದ ಕಾಸಿನ ಮೇಲೆ ಅದು ಹಾಗೇ ನಿಂತಿತು. ಅದರ ನೆತ್ತಿಯ ಮೇಲೆ ಸೂರ್ಯ ಚಂದ್ರರು ಬಂದರು, ಕನ್ನಡದ ‘ಶ್ರೀ’ ಬಂತು. ಸಂತೆಗೆ ಬಂದ ರೈತನಿಗೆ ಗುರುತಿನ ನಾಣ್ಯ ಬೇಕು. ಹೊಸ ಸರ್ಕಾರಕ್ಕೆ ಅದು ಗೊತ್ತಿದ್ದಿರಬೇಕು ಎನ್ನುವುದು ನನ್ನ ಊಹೆ.

ಮುಂದೆ ಬಂದ ಕಾಸುಗಳ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ 20, 10, 5 ಎಂದು ಮೌಲ್ಯವೂ ಇರುತ್ತದೆ. ಜೊತೆಗೆ ಅದೇ ಮೌಲ್ಯ ಇಂಗ್ಲಿಷಿನಲ್ಲಿ ರೋಮನ್ ಅಂಕಿಯಲ್ಲಿ. ಕೆಲವು ಮಾದರಿಗಳಲ್ಲಿ ಪಾರ್ಸಿಯೂ ಸೇರಿ ಒಂದೇ ಬಿಲ್ಲೆಯ ಮೇಲೆ ಮೂರು ಲಿಪಿ. ರಾಜಮನೆತನದ ಭಾಷೆ, ಹಿಂದಿನ ಆಡಳಿತದ ಭಾಷೆ, ಬೆನ್ನ ಹಿಂದೆ ನಿಂತಿದ್ದ ಕಂಪನಿಯ ಭಾಷೆ ಮೂರೂ ಹೆಬ್ಬೆರಳಿನಷ್ಟು ತಾಮ್ರದಲ್ಲಿ ಒತ್ತೊತ್ತಾಗಿ ಕೂತಿವೆ.

ನಗರ ಸೀಮೆಯ ರೈತರ ದಂಗೆಯ ನಂತರ, 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅರಸರಿಂದ ಕಿತ್ತುಕೊಂಡರು. ಆಡಳಿತದ ಕಚೇರಿಗಳು ಬೆಂಗಳೂರಿಗೆ ಬಂದವು. 1833ರಲ್ಲಿ ಮೈಸೂರಿನ ಟಂಕಸಾಲೆಯೂ ಬಂತು. ಹತ್ತು ವರ್ಷ, 1843ರವರೆಗೆ, ಮೈಸೂರಿನ ತಾಮ್ರದ ನಾಣ್ಯ ತಯಾರಾದದ್ದು ಬೆಂಗಳೂರಿನಲ್ಲಿ. ಆನೆಯ ಜಾಗದಲ್ಲಿ ಈಗ ಸಿಂಹ ಬಂತು, ಕ್ರಿಸ್ತಶಕದ ಇಸವಿ ಬಂತು. ಅರಸರ ಹೆಸರು ಮಾತ್ರ ಕನ್ನಡದಲ್ಲಿ ಉಳಿಯಿತು. ಅಧಿಕಾರವಿಲ್ಲದೆ ಮೈಸೂರಿನ ಅರಮನೆಯಲ್ಲಿದ್ದ ದೊರೆಯ ಹೆಸರನ್ನು, ಅವರ ಅಧಿಕಾರ ಕಿತ್ತುಕೊಂಡವರ ಊರಿನ ಟಂಕಸಾಲೆ ಒತ್ತುತ್ತಿತ್ತು. ಈ ನಡುವೆ 1835ರಲ್ಲಿ ಕಂಪನಿ ತನ್ನ ಏಕರೂಪದ ರೂಪಾಯಿ ತಂದಿತು. 1843ರಲ್ಲಿ ಟಂಕಸಾಲೆಯನ್ನೇ ಮುಚ್ಚಿದರು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತಾದರೂ ಟಂಕಸಾಲೆ ಮರಳಲಿಲ್ಲ. ಹೀಗಾಗಿ ಬೆಂಗಳೂರಿನ ಆ ಸಿಂಹದ ಕಾಸೇ ಮೈಸೂರಿನ ಕಟ್ಟಕಡೆಯ ನಾಣ್ಯ.

ಇಷ್ಟು ಚರಿತ್ರೆ ಹೊತ್ತ ಕಾಸು, ಸವೆದ ಸ್ಥಿತಿಯಲ್ಲಾದರೆ, ಕೆಲವು ನೂರು ರೂಪಾಯಿಗೆ ಇಂದಿಗೂ ಸಿಗುತ್ತದೆ. ಅಗ್ಗವಾದ್ದರಿಂದ ನಕಲಿ ಮಾಡುವವನಿಗೂ ಲಾಭ ಕಡಿಮೆ. ಇದೇ ಅದರ ದೊಡ್ಡ ಗುಣ.

ಕೊಳ್ಳುವ ಮುನ್ನ

ಮೊದಲ ಖರ್ಚು ಪುಸ್ತಕದ ಮೇಲಿರಲಿ ಎಂದು ಹಳಬರು ಹೇಳುತ್ತಾರೆ. ಎ.ವಿ. ನರಸಿಂಹಮೂರ್ತಿಯವರ ಕರ್ನಾಟಕದ ನಾಣ್ಯಗಳ ಕುರಿತ ಗ್ರಂಥ, ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಮೇಲೆ ಹೆಂಡರ್ಸನ್ 1921ರಲ್ಲಿ ಹೊರತಂದ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕರೂ ಸಾಕು. ಆಮೇಲೆ ಒಂದು ಭೂತಗನ್ನಡಿ, ಗ್ರಾಮಿನ ಎರಡನೆಯ ದಶಾಂಶ ತೋರಿಸುವ ಪುಟ್ಟ ತಕ್ಕಡಿ. ಪೀಣ್ಯದವರಿಗೆ ವರ್ನಿಯರ್ ಕ್ಯಾಲಿಪರ್ ಹೇಗೂ ಕೈಯಲ್ಲೇ ಇರುತ್ತದೆ. ಡೈ ಕೆಲಸ ಬಲ್ಲವರು ಈ ಹವ್ಯಾಸದಲ್ಲಿ ಇತಿಹಾಸದ ಪದವೀಧರರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ ಎಂಬುದು ನನ್ನ ಅನುಭವ.

ಕೈಯಿಂದ ಹೊಡೆದ ನಾಣ್ಯ ದುಂಡಗಿರುವುದಿಲ್ಲ, ಅಚ್ಚು ಓರೆಯಾಗಿ ಬಿದ್ದು ಅರ್ಧ ಅಕ್ಷರ ಹೊರಗುಳಿದಿರುತ್ತದೆ. ಅದು ದೋಷವಲ್ಲ. ಸುತ್ತಿಗೆಯ ಪೆಟ್ಟಿಗೆ ಅಕ್ಷರದ ಅಂಚು ಚೂಪಾಗಿ ಎದ್ದಿರುತ್ತದೆ. ಎರಕದಲ್ಲಿ ಅದು ನೀರಿಗೆ ಬಿದ್ದ ಸೋಪಿನಂತೆ ಮೆತ್ತಗಾಗಿರುತ್ತದೆ. ಒಂದೇ ತಟ್ಟೆಯಲ್ಲಿ ಹತ್ತು ನಾಣ್ಯಗಳು ಒಂದೇ ಜಾಗದಲ್ಲಿ, ಒಂದೇ ಬಗೆಯಲ್ಲಿ ಮುಕ್ಕಾಗಿದ್ದರೆ ಅವುಗಳ ತಾಯಿ ಒಂದೇ ಎಂದು ತಿಳಿಯಿರಿ. ಹೆಸರು, ತಾರೀಖು ಬರೆದ ರಸೀದಿ ಕೊಡುವ, ನಕಲಿಯಾದರೆ ಹಿಂದಕ್ಕೆ ಪಡೆಯುವ ವ್ಯಾಪಾರಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಹೋದರೂ ನಷ್ಟವಿಲ್ಲ.

ಮನೆಗೆ ತಂದ ಮೇಲೆ ದಯವಿಟ್ಟು ಹುಣಸೆಹಣ್ಣು ಹಚ್ಚಬೇಡಿ. ದೇವರ ಪಾತ್ರೆ ಬೆಳಗುವ ಪುಡಿಯೂ ಬೇಡ. ತಾಮ್ರದ ಮೇಲೆ ನೂರಾರು ವರ್ಷಗಳಿಂದ ಕೂತ ಕಂದು ಪೊರೆ ಅದರ ಚರ್ಮ. ಅದನ್ನು ಕಿತ್ತ ನಾಣ್ಯ ಫಳಫಳ ಹೊಳೆಯುತ್ತದೆ, ಬಲ್ಲವರು ಯಾರೂ ಮುಟ್ಟುವುದಿಲ್ಲ. ಪಿವಿಸಿ ಪ್ಲಾಸ್ಟಿಕ್ಕಿನ ಅಗ್ಗದ ಆಲ್ಬಮ್ ಕೂಡ ವರ್ಷ ಕಳೆದಂತೆ ಲೋಹಕ್ಕೆ ಹಸಿರು ಜಿಡ್ಡು ಹಿಡಿಸುತ್ತದೆ. ಕಾಗದದ ಲಕೋಟೆ ಸಾಕು. ಅದರ ಮೇಲೆ ಎಲ್ಲಿ, ಯಾವಾಗ, ಯಾರಿಂದ ಕೊಂಡದ್ದು, ತೂಕ ಎಷ್ಟು ಎಂದು ಬರೆದಿಡಿ. 1891ರಲ್ಲಿ ಯಶವಂತಪುರದ ನಾಣ್ಯಗಳಿಗೆ ಯಾರೋ ಮಾಡಿದ ಉಪಕಾರವೂ ಇಷ್ಟೇ.

ನನ್ನ ರಾಮ ಪಟ್ಟಾಭಿಷೇಕದ ಬಿಲ್ಲೆಯನ್ನು ಅತ್ತ ಸರಿಸಿದ ಯಜಮಾನರು ಅಂದು ಒಳಗೆ ಹೋಗಿ ಒಂದು ಹಳೆಯ ತಗಡಿನ ಡಬ್ಬಿ ತಂದರು. ಅದರಲ್ಲಿ ತೂತು ಕೊರೆದ ಒಂದು ತಾಮ್ರದ ಕಾಸು. ಮಾಗಡಿ ಕಡೆಯ ಅವರ ಅಜ್ಜಿ ಮಕ್ಕಳ ಉಡಿದಾರಕ್ಕೆ ಅದನ್ನು ಕಟ್ಟುತ್ತಿದ್ದರಂತೆ. ಅವರ ತಂದೆಗೂ ಕಟ್ಟಿದ್ದರು, ಅವರಿಗೂ ಕಟ್ಟಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಸಿಂಹದ ಬೆನ್ನು, ಎತ್ತಿದ ಒಂದು ಕಾಲು, ಇಸವಿಯ ಮೊದಲ ಮೂರು ಅಂಕಿ ಕಂಡವು: 183. ಕೊನೆಯ ಅಂಕಿ ಎರಡು ತಲೆಮಾರಿನ ಸೊಂಟಕ್ಕೆ ತಿಕ್ಕಿ ಸವೆದುಹೋಗಿತ್ತು. ತೂತು ಬಿದ್ದ ಕಾಸಿಗೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಇಲ್ಲ ಎಂದು ಹೇಳಬೇಕಾಯಿತು. ‘ಮಾರೋರು ಯಾರಪ್ಪಾ?’ ಎಂದು ನಕ್ಕರು. ಒಂದು ಲಕೋಟೆ ಕೇಳಿ ಪಡೆದು, ಅದರ ಮೇಲೆ ಬರೆದುಕೊಟ್ಟೆ: ‘ಮೈಸೂರು, ಮುಮ್ಮಡಿ ಕೃಷ್ಣರಾಜ ಒಡೆಯರು. ಟಂಕಸಾಲೆ ಬೆಂಗಳೂರು, 1833-39. ಮಾಗಡಿ ಸೀಮೆ, ಅಜ್ಜಿಯಿಂದ ಬಂದದ್ದು. ಉಡಿದಾರದ ತೂತು ಇದೆ.’